ಕಬ್ಬಿಣದವರೆಗೆ

ವೈಯಾಲಾದಲ್ಲಿ ಬಿಳಿ ಬಟ್ಟೆ ಒಣಹಾಕುವವರಿಲ್ಲ.
ಗಾಳಿ ಎದ್ದರೆ ಅದಿರಿನ ಕೆಂಪು
ಕಿಟಕಿಯ ಸಂದಿಗೆ, ಸಕ್ಕರೆ ಡಬ್ಬಿಗೆ,
ಕಿವಿಯ ಹಿಂದಿನ ಮಡಿಕೆಗೆ.
ನನಗೇನೂ ಹೊಸದಲ್ಲ. ಸಂಡೂರಿನವಳು,
ಅದಿರು ಲಾರಿಗಳ ಹಿಂದೆ ನಡೆದು ಶಾಲೆ ಕಲಿತವಳು;
ಜಡೆಯ ಬಿಳಿ ರಿಬ್ಬನ್ನು ಮೂರೇ ದಿನಕ್ಕೆ ಕಾವಿ.

ಮಂಗಳವಾರ, ಶುಕ್ರವಾರ, ರಾತ್ರಿ ಒಂಬತ್ತೂವರೆ,
ನನ್ನ ಸುತ್ತಿನ ಕೊನೆಯ ಮನೆ, ಜ್ವೊಂಕೊ ಬರಿಶಿಚ್.
ಮೂವತ್ತೆಂಟು ವರ್ಷ ಕುಲುಮೆಯ ಬಾಯಲ್ಲಿ ನಿಂತವನು.
ಈಗ ಮೂಗಿಗೆ ಎರಡು ಕೊಳವೆ,
ಕಾಲ ಬಳಿ ನಾಯಿಯಂತೆ ಕೂತ ಆಮ್ಲಜನಕದ ಸಿಲಿಂಡರು.
ನನ್ನನ್ನು ಹುಲಿ ಅನ್ನುತ್ತಾನೆ.
ಹುಲಿಗೆಮ್ಮ, ಅವನ ಉಸಿರಿಗೆ ಉದ್ದವಾಯಿತು.
ಆ ಅರ್ಧ ಹೆಸರಿಗೆ ನಮ್ಮಲ್ಲಿ ಅರ್ಥವೇನೆಂದು
ಹೇಳಿಲ್ಲ ಇನ್ನೂ.

ಹಿತ್ತಲಲ್ಲಿ ಅವನೇ ಕಟ್ಟಿದ ದುರ್ಬೀನು,
ಮೋರಿಯ ಪೈಪಿನಷ್ಟು ದಪ್ಪ, ಬಣ್ಣ ಬಳಿದಿಲ್ಲ.
ಫೆಬ್ರವರಿ. ಮಹಾವ್ಯಾಧ ಇಲ್ಲಿ ತಲೆಕೆಳಗು,
ಸೊಂಟದ ಕತ್ತಿ ಮೇಲಕ್ಕೆ.
"ಕತ್ತಿಯ ನಡುವೆ ನೋಡು. ಉಸಿರು ಬಿಗಿಹಿಡಿ" ಅಂದ,
ತನಗೆ ಆಗದ್ದನ್ನು.
ಪುಸ್ತಕದ ಬಣ್ಣಗಳಿಲ್ಲ. ಬೂದಿಹಸಿರು ಮಬ್ಬು,
ಯಾರೋ ಕನ್ನಡಿಗೆ ಹಾ ಎಂದು ಊದಿದ ಹಾಗೆ;
ಒಳಗೆ ಒತ್ತಾಗಿ ನಾಲ್ಕು ಚುಕ್ಕೆ.
"ಮೊನ್ನೆ ಹುಟ್ಟಿದವು."
ಮೊನ್ನೆ ಅಂದರೆ, ಮನುಷ್ಯ ಬೆಂಕಿ ಕಲಿಯುವ ಹೊತ್ತಿಗೆ.

"ಬಿಸಿಯಲ್ಲಿ ಹುಟ್ಟುತ್ತವೆ ಅಂದುಕೊಂಡಿದ್ದೆ,
ಕುಲುಮೆಯವನಲ್ಲವೆ! ಹಾಗಲ್ಲ, ಹುಲಿ.
ಮೊದಲು ತಣ್ಣಗಾಗಬೇಕು.
ಬಿಸಿ ಅನಿಲ ಅಲೆಯುತ್ತದೆ, ಒಂದೆಡೆ ಕೂರುವುದಿಲ್ಲ.
ಧೂಳು ನೆರಳು ಕೊಟ್ಟಮೇಲೆ
ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ,
ಕುಸಿಯುತ್ತ ಕುಸಿಯುತ್ತ ಹೊತ್ತಿಕೊಳ್ಳುತ್ತದೆ."
ಇಷ್ಟು ಹೇಳಲು ನಾಲ್ಕು ಸಲ ನಿಂತ.

ತೆಂಕಣದಲ್ಲಿ ತ್ರಿಶಂಕು ವಾಲಿಕೊಂಡು ಏಳುತ್ತಿತ್ತು.
ಅದರ ಬಗಲಲ್ಲೊಂದು ಕಪ್ಪು.
ತೂತಲ್ಲ, ಧೂಳು. ಇನ್ನೂ ಏನೂ ಹೊತ್ತಿಲ್ಲ, ಅಷ್ಟೆ.
ಈ ನೆಲದ ಹಳಬರಲ್ಲಿ ಹಲವರಿಗೆ ಎಮುವಿನ ತಲೆ,
ಹಡಗಿನಲ್ಲಿ ಬಂದವರಿಗೆ ಕಲ್ಲಿದ್ದಲ ಚೀಲ.
ಹದಿನಾಲ್ಕಕ್ಕೆ ರಿಯೇಕಾ ಬಂದರಿನಲ್ಲಿ
ಅಂಥವನ್ನು ಹೊತ್ತಿದ್ದನಂತೆ, ದಿನಕ್ಕೆ ಅರವತ್ತು.

ಮೊಮ್ಮಗಳು ಕಳಿಸಿದ ಚಹಾ ಕಪ್ಪಿನ ಮೇಲೆ ಬರೆದಿದೆ:
ನಾವೆಲ್ಲ ನಕ್ಷತ್ರದ ಧೂಳು.
ನಗಲು ಹೋಗಿ ಕೆಮ್ಮಿದ.
"ಧೂಳು ಅಂದರೆ ಧೂಳೇ.
ನನ್ನ ಎದೆಗೂಡನ್ನು ಕೇಳು, ಹೇಳುತ್ತದೆ."

ಕೆಳಗೆ, ಕೆಂಪಗೆ, ಆರ್ದ್ರಾ.
ಆರಿದ್ರ ಹೊಯ್ದರೆ ದರಿದ್ರ ಇಲ್ಲ, ಅನ್ನುತ್ತಿದ್ದಳು ಅವ್ವ.
ಅದಕ್ಕೀಗ ವಯಸ್ಸಾಗಿದೆಯಂತೆ. ಮೈ ಊದಿದೆ.
ಕೆಲವು ವರ್ಷದ ಹಿಂದೆ ಮಸಿ ಕೆಮ್ಮಿ
ತನ್ನ ಹೊಗೆಗೆ ತಾನೇ ಮಂಕಾಗಿತ್ತಂತೆ.
ಇಂಥ ರೋಗಿ ನನಗೆ ಗೊತ್ತು, ಅಂದೆ.
ದೊಡ್ಡ ಮೈಗೆ ದೊಡ್ಡ ಹಸಿವು, ಆಯಸ್ಸು ಗಿಡ್ಡ.
ಉರಿದದ್ದರ ಬೂದಿಯನ್ನೇ ಮತ್ತೆ ಉರಿಸಿ ಉರಿಸಿ
ಜಲಜನಕ, ಹೀಲಿಯಂ, ಇಂಗಾಲ,
ಕೊನೆಗೆ ಕಬ್ಬಿಣದವರೆಗೆ.
ಕಬ್ಬಿಣ ಕೊಡುವುದಿಲ್ಲ, ಬೇಡುತ್ತದೆ.
ಆಮೇಲೆ ಒಡಲು ಕುಸಿಯಲು
ಒಂದು ಕೆಮ್ಮಿನಷ್ಟು ಹೊತ್ತೂ ಬೇಡ.

"ಇಲ್ಲಿ ಕಬ್ಬಿಣ ಹರಿದಾಗ ಸೀಟಿ ಊದುತ್ತಿದ್ದೆವು,
ಕೆಲಸ ಶುರು ಅಂತ" ಅಂದ.
ಬಹಳ ಹೊತ್ತು ಸುಮ್ಮನಿದ್ದ.

ಬೆರಳಿಗೆ ಚಿಮಟ ಸಿಕ್ಕಿಸಿದೆ.
ಕತ್ತಲಲ್ಲಿ ಉಗುರಿನಡಿ ಕೆಂಪು ದೀಪ,
ನೆತ್ತರ ಕಬ್ಬಿಣ ಎಷ್ಟು ಗಾಳಿ ಹೊತ್ತಿದೆಯೆಂದು ಎಣಿಸುತ್ತ.
ಎಂಬತ್ತೊಂಬತ್ತು. ತೊಂಬತ್ತು. ಎಂಬತ್ತೊಂಬತ್ತು.
ಅವನು ಆಕಾಶ ನೋಡುತ್ತಿದ್ದ, ನಾನು ಅಂಕಿ.
ವರದಿಯಲ್ಲಿ ತೊಂಬತ್ತು ಎಂದೇ ಬರೆದೆ.

ಹೊರಡುವಾಗ ದುರ್ಬೀನಿನ ಕನ್ನಡಿಯ ಕೆಂಪು ಒರೆಸಲು
ಹತ್ತಿ ತೆಗೆದೆ. ಕೈ ಹಿಡಿದ.
"ಬಿಡು, ಗೀರು ಬೀಳುತ್ತದೆ. ಇಷ್ಟು ಧೂಳಿದ್ದರೂ ಕಾಣುತ್ತದೆ.
ಮಂಗಳವಾರ ಬಾ.
ಮೋಡವಿದ್ದರೂ ಬಾ, ಹುಲಿ."